ಪಿಂಡಿಯ ಪಾತ್ರೆ ಮತ್ತು ಬಂಧುತ್ವ

ಪವಿತ್ರ ಕುರ್‌ಆನಿನ 'ಅನ್ನೂರ್' ಅಧ್ಯಾಯದಲ್ಲಿ ಒಟ್ಟು 64 ಸೂಕ್ತಗಳಿವೆ. ಕೊನೆಗೆ ಹತ್ತಿರವಿರುವ 61ನೆಯ ಸೂಕ್ತವು ಊಟದ ವಿಷಯವನ್ನು ಎತ್ತಿಕೊಳ್ಳುತ್ತದೆ. ಯಾರ ಯಾರ ಮನೆಯಲ್ಲಿ ಸಂಕೋಚವಿಲ್ಲದೆ ಉಣ್ಣಬಹುದು ಎಂಬುದನ್ನು ಅದು ಒಂದೊಂದಾಗಿ ಎಣಿಸಿ ಹೇಳುತ್ತದೆ. ನಮ್ಮ ಸ್ವಂತ ಮನೆಯ ಬಳಿಕ ತಂದೆಯ ಮನೆ, ತಾಯಿಯ ಮನೆ, ಸಹೋದರರ ಮನೆ, ಸಹೋದರಿಯರ ಮನೆ, ದೊಡ್ಡಪ್ಪ ಚಿಕ್ಕಪ್ಪಂದಿರ ಮನೆ, ಸೋದರತ್ತೆಯರ ಮನೆ, ಸೋದರಮಾವಂದಿರ ಮನೆ, ದೊಡ್ಡಮ್ಮ ಚಿಕ್ಕಮ್ಮಂದಿರ ಮನೆ ಬರುತ್ತವೆ. ಅನಂತರ ಯಾವ ಮನೆಯ ಬೀಗದ ಕೈ ನಮ್ಮ ವಶದಲ್ಲಿದೆಯೋ ಆ ಮನೆ, ಕೊನೆಗೆ ಗೆಳೆಯನ ಮನೆ. ಓದುತ್ತಾ ಹೋಗುವಾಗ ಇದು ಬರಿಯ ಪಟ್ಟಿಯಂತೆ ಕಾಣಬಹುದು. ಆದರೆ ಸ್ವಲ್ಪ ನಿಂತು ನೋಡಿದರೆ ನಮ್ಮ ಮನೆಮಾತಿನ ಅನೇಕ ವಿಷಯಗಳು ಇದರಲ್ಲಿ ಅಡಗಿರುವುದು ಕಾಣುತ್ತದೆ.

ಮೊದಲನೆಯದಾಗಿ, ಇಲ್ಲಿ ತಂದೆಯ ಕಡೆಯ ಬಂಧುಗಳು ಎಷ್ಟೋ ತಾಯಿಯ ಕಡೆಯ ಬಂಧುಗಳೂ ಅಷ್ಟೇ. ಎರಡನೆಯದಾಗಿ, ಸಹೋದರನ ಮನೆಯ ಹಿಂದೆಯೇ ಸಹೋದರಿಯ ಮನೆಯೂ ಇದೆ. ಮದುವೆ ಮಾಡಿಕೊಟ್ಟ ತಂಗಿಯ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲೂ ಹಿಂಜರಿಯುವ ಅಣ್ಣಂದಿರು ನಮ್ಮಲ್ಲಿ ಇಂದಿಗೂ ಇದ್ದಾರೆ. 'ಕೊಟ್ಟ ಮನೆ, ಅಲ್ಲಿ ಕೂತು ಉಣ್ಣಬಾರದು' ಎಂಬ ಈ ನಡವಳಿಕೆ ಎಲ್ಲಿಂದ ಬಂತೋ, ಈ ಸೂಕ್ತದಿಂದಂತೂ ಬಂದುದಲ್ಲ. ಮೂರನೆಯ ಸಂಗತಿ ಇನ್ನೂ ಸ್ವಾರಸ್ಯಕರ. ಇಷ್ಟೆಲ್ಲಾ ಮನೆಗಳನ್ನು ಹೆಸರಿಸಿದ ಸೂಕ್ತ ಮಗನ ಮನೆಯನ್ನು ಹೆಸರಿಸಿಯೇ ಇಲ್ಲ. ಮಕ್ಕಳ ಮನೆಯೆಂದರೆ ಸ್ವಂತ ಮನೆಯೇ ಆದುದರಿಂದ ಅದನ್ನು ಪ್ರತ್ಯೇಕವಾಗಿ ಹೇಳುವ ಅಗತ್ಯವಿರಲಿಲ್ಲ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮಗನ ಮನೆಯಲ್ಲಿ ತಿಂಗಳಿಗೆ ಇಷ್ಟು ದಿನವೆಂದು ಪಾಳಿಯ ಮೇಲೆ ಉಣ್ಣುವ ವೃದ್ಧ ತಂದೆ ತಾಯಂದಿರನ್ನು ಕಂಡವರು ಈ ಮೌನದ ಅರ್ಥವನ್ನು ಯೋಚಿಸಲಿ.

ಈ ಅನುಮತಿ ಹಕ್ಕು ಚಲಾಯಿಸುವುದಕ್ಕಲ್ಲ ಎಂಬುದನ್ನೂ ಹೇಳಿಬಿಡಬೇಕು. ಬಂಧುಗಳು ಸಾಮಾನ್ಯವಾಗಿ ಸಂತೋಷದಿಂದಲೇ ಬಡಿಸುತ್ತಾರೆ ಎಂಬ ನೆಲೆಯ ಮೇಲೆ ಅದು ನಿಂತಿದೆ. ಮನೆಯವರಿಗೆ ಇಷ್ಟವಿಲ್ಲವೆಂದು ಗೊತ್ತಿದ್ದರೆ ಅಲ್ಲಿ ಉಣ್ಣುವಂತಿಲ್ಲ ಎಂದು ವಿದ್ವಾಂಸರು ಹೇಳಿದ್ದಾರೆ.

ಸೂಕ್ತದ ಹಿನ್ನೆಲೆಯ ಕುರಿತು ಹಲವು ವರದಿಗಳಿವೆ. ಕುರುಡರು, ಕುಂಟರು, ರೋಗಿಗಳು ತಮ್ಮಿಂದ ಇತರರಿಗೆ ತೊಂದರೆಯಾದೀತೆಂದು ಜೊತೆಯಲ್ಲಿ ಕುಳಿತು ಉಣ್ಣಲು ಅಳುಕುತ್ತಿದ್ದರು. ಸೂಕ್ತ ಆರಂಭವಾಗುವುದೇ ಅವರನ್ನು ಆ ಅಳುಕಿನಿಂದ ಬಿಡಿಸುವುದರೊಂದಿಗೆ. ದೂರ ಹೊರಡುವವರು ಮನೆಯ ಬೀಗದ ಕೈಯನ್ನು ಬೇರೆಯವರಿಗೆ ಒಪ್ಪಿಸಿ ಹೋಗುತ್ತಿದ್ದರು. ಕೈ ಪಡೆದವರು ಅಲ್ಲಿನ ಆಹಾರವನ್ನು ಮುಟ್ಟಲು ಹೆದರುತ್ತಿದ್ದರು. ಅರಬರ ಕಿನಾನಾ ಬುಡಕಟ್ಟಿನ ಒಂದು ಶಾಖೆಯವರಂತೂ ಒಬ್ಬಂಟಿಯಾಗಿ ಉಣ್ಣುವುದನ್ನೇ ದೋಷವೆಂದು ತಿಳಿದಿದ್ದರು. ಜೊತೆಗೆ ಯಾರೂ ಸಿಗದಿದ್ದರೆ ಹಸಿದೇ ಇರುತ್ತಿದ್ದರು. ಸೂಕ್ತ ಅವರ ಭಾರವನ್ನೂ ಇಳಿಸಿತು. ಒಟ್ಟಾಗಿ ಉಂಡರೂ ಪ್ರತ್ಯೇಕವಾಗಿ ಉಂಡರೂ ದೋಷವಿಲ್ಲವೆಂದು ತಿಳಿಸಿತು.

ಹಾಗಿದ್ದರೆ ಒಟ್ಟಾಗಿ ಉಣ್ಣುವುದರಲ್ಲಿ ವಿಶೇಷವೇನಿದೆ ಎಂದು ಕೇಳಬಹುದು. ಕಡ್ಡಾಯವಲ್ಲದ್ದೆಲ್ಲ ಬೆಲೆಯಿಲ್ಲದ್ದೆಂದು ಅರ್ಥವಲ್ಲ. ತಾವು ಉಣ್ಣುತ್ತೇವೆ, ಆದರೆ ಹೊಟ್ಟೆ ತುಂಬುವುದಿಲ್ಲ ಎಂದು ಸಹಾಬಿಗಳು ಒಮ್ಮೆ ಪ್ರವಾದಿವರ್ಯರ(ಸ) ಬಳಿ ಹೇಳಿಕೊಂಡರು. ಬೇರೆ ಬೇರೆಯಾಗಿ ಉಣ್ಣುತ್ತಿರಬಹುದು ಎಂದು ಪ್ರವಾದಿ(ಸ) ಊಹಿಸಿದರು. ಅವರು ಹೌದೆಂದಾಗ, ಒಟ್ಟಾಗಿ ಕುಳಿತು ಅಲ್ಲಾಹನ ನಾಮವನ್ನು ಸ್ಮರಿಸಿ ಉಣ್ಣಬೇಕು, ಅದರಲ್ಲಿ ಸಮೃದ್ಧಿ ದೊರೆಯುವುದು ಎಂದು ಉಪದೇಶಿಸಿದರು. ಅಬೂದಾವೂದ್ ಗ್ರಂಥದಲ್ಲಿ ವರದಿಯಾಗಿರುವ ಈ ಹದೀಸ್‌ನಲ್ಲಿ ಅಡುಗೆ ಹೆಚ್ಚಿಸಲು ಹೇಳಿಲ್ಲ, ಕುಳಿತುಕೊಳ್ಳುವ ಕ್ರಮವನ್ನು ಬದಲಿಸಲು ಹೇಳಿದೆ.

ಈ ಪಾಠ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಉಳಿದುಕೊಂಡು ಬಂದಿರುವುದು ಯಾವುದಾದರೂ ಒಂದು ತಿನಿಸಿನ ಆಶ್ರಯದಲ್ಲಿ. ಈದ್‌ನ ಬೆಳಿಗ್ಗೆ ಶೀರ್ ಖುರ್ಮಾದ ಬಟ್ಟಲು ಹಿಡಿದು ಮನೆಯಿಂದ ಮನೆಗೆ ನಡೆಯುವ ಊರುಗಳಿವೆ. ಕಲಬುರಗಿಯ ಕಡೆಯವರಿಗೆ ತಹಾರಿ, ಭಟ್ಕಳದ ನವಾಯತರಿಗೆ ತಮ್ಮದೇ ಆದ ಬಿರಿಯಾನಿ. ದಕ್ಷಿಣ ಕನ್ನಡ ಮತ್ತು ಉಡುಪಿಯ ಬ್ಯಾರಿ ಮನೆಗಳಲ್ಲಿ ಆ ಸ್ಥಾನ ಪಿಂಡಿಗೆ ಸಲ್ಲುತ್ತದೆ. ಬಿರಿಯಾನಿಗೆ ಮದುವೆಯ ಹಾಲ್ ಇದೆ, ಹೋಟೆಲ್ ಇದೆ. ಪಿಂಡಿ ಮನೆಯದು. ಅದರ ಬಗ್ಗೆಯೇ ಸ್ವಲ್ಪ ವಿವರವಾಗಿ ಹೇಳುವುದು ಸೂಕ್ತ. ಏಕೆಂದರೆ ಅದನ್ನು ಮಾಡುವ ರೀತಿಯಲ್ಲೇ ಬಂಧುಗಳನ್ನು ಕೂಡಿಸುವ ಗುಣವಿದೆ.

ಪಿಂಡಿ ಎಂದರೆ ಅಕ್ಕಿಯ ಸಣ್ಣ ಉಂಡೆ. ಇನ್ನೂ ಚಿಕ್ಕದಾಗಿ ಮಾಡಿದರೆ ಕುಂಞಿ ಪಿಂಡಿ. ಕೆಲವು ಮನೆಗಳಲ್ಲಿ ಅಕ್ಕಿಯನ್ನು ನೆನೆಹಾಕಿ ಕಡೆಯುವ ಕಲ್ಲಿನಲ್ಲಿ ಗಟ್ಟಿಯಾಗಿ ಕಡೆಯುತ್ತಿದ್ದರು, ಈಗ ಗ್ರೈಂಡರಿನಲ್ಲಿ ಕಡೆಯುತ್ತಾರೆ. ಕೆಲವರು ಅಕ್ಕಿಹಿಟ್ಟಿಗೆ ಉಪ್ಪು ಹಾಕಿದ ಕುದಿನೀರು ಸುರಿದು ನಾದಿಕೊಳ್ಳುತ್ತಾರೆ. ತೆಂಗಿನತುರಿ, ನೀರುಳ್ಳಿ, ಜೀರಿಗೆ ಸೇರಿಸುವವರೂ ಉಂಟು. ಹಿಟ್ಟು ಸಿದ್ಧವಾದ ಬಳಿಕ ನಿಜವಾದ ಕೆಲಸ ಆರಂಭ. ಚಿಟಿಕೆ ಚಿಟಿಕೆಯಾಗಿ ಹಿಟ್ಟನ್ನು ತೆಗೆದು ಅಂಗೈಯಲ್ಲಿ ಉರುಟು ಮಾಡಿ, ಬೇಕಾದರೆ ಹೆಬ್ಬೆರಳಿನಿಂದ ನಡುವೆ ಮೆಲ್ಲಗೆ ಒತ್ತಿ, ತಟ್ಟೆಯಲ್ಲಿ ಇಡುತ್ತಾ ಹೋಗಬೇಕು. ಒಂದು ಕಿಲೋ ಅಕ್ಕಿಗೆ ಮುನ್ನೂರಕ್ಕೆ ಕಡಿಮೆಯಾಗುವುದಿಲ್ಲ. ಅವೆಲ್ಲ ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಬೇಕು. ಅತ್ತ ಇನ್ನೊಂದು ಒಲೆಯಲ್ಲಿ ಮಾಂಸ. ಕೊತ್ತಂಬರಿ, ಒಣಮೆಣಸು, ಜೀರಿಗೆ, ಬೆಳ್ಳುಳ್ಳಿ, ಕೆಂಪಗೆ ಹುರಿದ ತೆಂಗಿನತುರಿ ಎಲ್ಲವನ್ನೂ ನುಣ್ಣಗೆ ಅರೆದ ಮಸಾಲೆ. ಸಾರು ತುಸು ತೆಳ್ಳಗೇ ಇರಬೇಕು. ಬೆಂದ ಪಿಂಡಿಗಳನ್ನು ಅದರಲ್ಲಿ ಹಾಕಿ ಸಣ್ಣ ಉರಿಯಲ್ಲಿ ಇಟ್ಟರೆ ಅವು ಸಾರನ್ನು ಹೀರಿಕೊಂಡು ಉಬ್ಬುತ್ತವೆ, ಸಾರು ತಾನಾಗಿ ದಪ್ಪವಾಗುತ್ತದೆ.

ಮುನ್ನೂರು ಉಂಡೆಗಳನ್ನು ಒಬ್ಬಳೇ ಮಾಡಲು ಹೊರಟರೆ ಸೊಂಟ ಬೀಳುತ್ತದೆ. ಆರು ಜನ ಕುಳಿತರೆ ಮಾತಾಡುತ್ತಿರುವಾಗಲೇ ಮುಗಿದುಹೋಗುತ್ತದೆ. ಆದುದರಿಂದ ಪಿಂಡಿಯ ದಿನ ಅಜ್ಜಿ, ಉಮ್ಮ, ಸೊಸೆಯಂದಿರು, ತವರಿಗೆ ಬಂದ ಹೆಣ್ಣುಮಕ್ಕಳು, ನೆರೆಮನೆಯಾಕೆ ಎಲ್ಲರೂ ಚಾಪೆ ಹಾಸಿ ಒಂದೇ ತಟ್ಟೆಯ ಸುತ್ತ ಕುಳಿತುಬಿಡುತ್ತಾರೆ. ಕೈಗೆ ಕೆಲಸವಿದೆ, ಬಾಯಿಗೆ ಬಿಡುವಿದೆ. ಯಾರಿಗೆ ಎಷ್ಟು ತಿಂಗಳು, ಯಾರ ಮಗನಿಗೆ ಕೆಲಸ ಹೋಯಿತು, ಯಾರ ಮಗಳಿಗೆ ವರ ನೋಡುತ್ತಿದ್ದಾರೆ, ಯಾವ ಅತ್ತೆಗೆ ಸಕ್ಕರೆ ಕಾಯಿಲೆ ಹೆಚ್ಚಿದೆ ಎಂಬುದೆಲ್ಲ ತಿಳಿಯುವುದು ಆ ತಟ್ಟೆಯ ಬಳಿಯಲ್ಲೇ. (ಪರದೂಷಣೆಯೂ ಅಲ್ಲಿಯೇ ನುಸುಳುತ್ತದೆ. ಅಂತಹ ಮಾತು ಬಂದಾಗ ಅದನ್ನು ತಿರುಗಿಸಿಬಿಡುವ ಒಬ್ಬ ಹಿರಿಯಳು ಇದ್ದರೆ ಆ ಮನೆ ಪುಣ್ಯವಂತ ಮನೆ.) ಮಕ್ಕಳಿಗೂ ಒಂದೊಂದು ಚಿಟಿಕೆ ಹಿಟ್ಟು ಸಿಗುತ್ತದೆ. ಅವರು ಮಾಡಿದ ವಕ್ರ ಉಂಡೆಗಳು ಎಲ್ಲರ ಉಂಡೆಗಳ ಜೊತೆಗೇ ಬೇಯುತ್ತವೆ. ಕರಾವಳಿಯ ಗಂಡಸರು 1970ರ ದಶಕದಿಂದ ದೊಡ್ಡ ಸಂಖ್ಯೆಯಲ್ಲಿ ಕೊಲ್ಲಿ ರಾಷ್ಟ್ರಗಳಿಗೆ ಹೋಗತೊಡಗಿದರು. ವರ್ಷಗಟ್ಟಲೆ ಗಂಡು ದಿಕ್ಕಿಲ್ಲದ ಅಂತಹ ಮನೆಗಳನ್ನು ಒಂದಕ್ಕೊಂದು ಹೊಲಿದು ಇಟ್ಟವರಲ್ಲಿ ಈ ತಟ್ಟೆಯ ಸುತ್ತ ಕುಳಿತ ಹೆಂಗಸರದು ದೊಡ್ಡ ಪಾಲು.

ಪಿಂಡಿಯಲ್ಲಿ ಇನ್ನೊಂದು ಲೆಕ್ಕವಿದೆ. ಒಂದು ಕಿಲೋ ಮಾಂಸವನ್ನು ಸುಕ್ಕ ಮಾಡಿದರೆ ಐದಾರು ಮಂದಿಗೆ ಸಾಕಾದೀತು. ಅದನ್ನೇ ಪಿಂಡಿಗೆ ಹಾಕಿದರೆ ಹತ್ತು ಹನ್ನೆರಡು ಮಂದಿ ಮಾಂಸದ ರುಚಿ ಕಂಡು ಏಳುತ್ತಾರೆ. ಏಕೆಂದರೆ ಇಲ್ಲಿ ಮಾಂಸದ ಸತ್ವವನ್ನು ಅಕ್ಕಿ ಕುಡಿದಿರುತ್ತದೆ. ಅನಿರೀಕ್ಷಿತವಾಗಿ ಇಬ್ಬರು ಬಂದರೆ ಸಾರಿಗೆ ಒಂದು ಲೋಟ ಬಿಸಿನೀರು, ಹಬೆಗೆ ಇನ್ನೊಂದು ಹಿಡಿ ಉಂಡೆ. ಸಾರು ಮಾಡುವಾಗ ನೀರನ್ನು ಹೆಚ್ಚಿಸಿ ನೆರೆಯವರನ್ನು ನೆನೆಯಬೇಕೆಂದು ಪ್ರವಾದಿವರ್ಯರು(ಸ) ಅಬೂದರ್ರ್(ರ)ರಿಗೆ ಉಪದೇಶಿಸಿದ್ದು ಮುಸ್ಲಿಮ್ ಗ್ರಂಥದಲ್ಲಿದೆ. ಮಾಂಸ ಹೆಚ್ಚಿಸಲು ಹೇಳಲಿಲ್ಲ, ನೀರು ಹೆಚ್ಚಿಸಲು ಹೇಳಿದರು. ಬಡವನಿಗೂ ಸಾಧ್ಯವಾಗುವ ಮಾತಿದು. ಇಬ್ಬರ ಊಟ ಮೂವರಿಗೂ ಮೂವರ ಊಟ ನಾಲ್ವರಿಗೂ ಸಾಕಾಗುತ್ತದೆಂಬ ಬುಖಾರಿ ಮತ್ತು ಮುಸ್ಲಿಮ್‌ನ ಹದೀಸನ್ನು ಇದರೊಂದಿಗೆ ಓದಬೇಕು.

ಅರಬರಲ್ಲಿ ಇದೇ ಗುಣವಿದ್ದ ಆಹಾರ ಸರೀದ್. ರೊಟ್ಟಿಯನ್ನು ಮುರಿದು ಮಾಂಸದ ಸಾರಿನಲ್ಲಿ ನೆನೆಸಿ ದೊಡ್ಡ ಪಾತ್ರೆಯಲ್ಲಿಟ್ಟು ಸುತ್ತ ಕುಳಿತು ಉಣ್ಣುವ ಊಟವದು. ಸರೀದ್‌ಗೆ ಇತರ ಆಹಾರಗಳಿಗಿಂತ ಇರುವ ಶ್ರೇಷ್ಠತೆಯನ್ನು ಪ್ರವಾದಿ(ಸ) ಹಝ್ರತ್ ಆಯಿಶಾ(ರ)ರ ಶ್ರೇಷ್ಠತೆಗೆ ಹೋಲಿಸಿದ್ದು ಹದೀಸ್‌ಗಳಲ್ಲಿ ಪ್ರಸಿದ್ಧ. ಪ್ರವಾದಿವರ್ಯರ(ಸ) ಮುತ್ತಜ್ಜ ಹಾಶಿಮ್‌ರ ಮೂಲ ಹೆಸರು ಅಮ್ರ್ ಎಂದಾಗಿತ್ತು. ಮಕ್ಕಾದಲ್ಲಿ ಕ್ಷಾಮ ಬಿದ್ದಾಗ ಅವರು ಜನರಿಗಾಗಿ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಬಡಿಸಿದರು. ಹಾಗೆ ರೊಟ್ಟಿ ಮುರಿದುದಕ್ಕಾಗಿಯೇ 'ಮುರಿಯುವವ' ಎಂಬ ಅರ್ಥದ ಹಾಶಿಮ್ ಎಂಬ ಹೆಸರು ಅವರಿಗೆ ಬಂತೆಂದು ಚರಿತ್ರೆಕಾರರು ಬರೆದಿದ್ದಾರೆ. ಬನೂ ಹಾಶಿಮ್ ಎಂಬ ಮಹಾ ಮನೆತನದ ಹೆಸರಿನ ಹಿಂದೆ ಖಡ್ಗವಿಲ್ಲ, ಸಾರಿನ ಪಾತ್ರೆಯಿದೆ.

ಕಂದಕ ಯುದ್ಧದ ಸಮಯದ ಜಾಬಿರ್(ರ)ರ ಮನೆಯ ಘಟನೆ ನಮಗೆಲ್ಲ ತಿಳಿದದ್ದೇ. ಮನೆಯಲ್ಲಿದ್ದುದು ಒಂದು ಸಾಅ್, ಅಂದರೆ ಸುಮಾರು ಎರಡೂವರೆ ಕಿಲೋ ಜವೆಗೋಧಿ ಮತ್ತು ಒಂದು ಆಡಿನ ಮರಿ. ಹಸಿದ ಪ್ರವಾದಿವರ್ಯರನ್ನು(ಸ) ಇನ್ನು ಕೆಲವರೊಂದಿಗೆ ಕರೆಯಲು ಜಾಬಿರ್(ರ) ಹೋದರೆ, ಕಂದಕ ತೋಡುತ್ತಿದ್ದವರೆಲ್ಲ ಬಂದುಬಿಟ್ಟರು. ಅಲ್ಲಾಹನು ಆ ಅಡುಗೆಯಲ್ಲಿ ಸಮೃದ್ಧಿಯನ್ನಿತ್ತನು. ಪ್ರವಾದಿ(ಸ) ತಾವೇ ರೊಟ್ಟಿ ಮುರಿದು ಅದರ ಮೇಲೆ ಮಾಂಸವನ್ನಿಟ್ಟು ಬಡಿಸಿದರು. ಎಲ್ಲರೂ ತೃಪ್ತರಾದರು. ಈ ಪವಾಡವನ್ನು ನಾವು ಅನೇಕ ಪ್ರವಚನಗಳಲ್ಲಿ ಕೇಳಿದ್ದೇವೆ. ಆದರೆ ಬುಖಾರಿಯಲ್ಲಿರುವ ಅದರ ಕೊನೆಯ ಭಾಗವನ್ನು ಅಷ್ಟಾಗಿ ಕೇಳಿಲ್ಲ. ಎಲ್ಲರೂ ಉಂಡ ಮೇಲೆ ಪ್ರವಾದಿ(ಸ) ಜಾಬಿರ್(ರ)ರ ಪತ್ನಿಗೆ, ನೀನೂ ಉಣ್ಣು ಮತ್ತು ಇತರರಿಗೂ ಕಳುಹಿಸು, ಜನರು ಹಸಿದಿದ್ದಾರೆ ಎಂಬರ್ಥದ ಮಾತು ಹೇಳಿದರು. ಬೇಯಿಸಿದವಳು ಉಣ್ಣಬೇಕೆಂಬ ನೆನಪು, ಮನೆಯ ಹೊರಗೆ ಇನ್ನೂ ಹಸಿದವರಿದ್ದಾರೆಂಬ ನೆನಪು, ಎರಡೂ ಒಂದೇ ಮಾತಿನಲ್ಲಿ.

ಈಗ ನಮ್ಮ ಸ್ಥಿತಿಗೆ ಬರೋಣ. ಬಂಧುಗಳನ್ನು ಕರೆಯುವುದೆಂದರೆ ಹತ್ತು ಬಗೆ ಮಾಡಲೇಬೇಕು ಎಂಬ ಹಠ ಮನೆಗಳನ್ನು ಹೊಕ್ಕಿದೆ. ಅಣ್ಣನ ಮನೆಯಲ್ಲಿ ಮೂರು ಬಗೆಯ ಮಾಂಸವಿದ್ದರೆ ತಮ್ಮನ ಮನೆಯಲ್ಲಿ ನಾಲ್ಕು. ಅಷ್ಟು ಮಾಡಲಾಗದವನು ಕರೆಯುವುದನ್ನೇ ಬಿಡುತ್ತಾನೆ. ಕರೆಯಲಾಗದವನು ಇತರರ ಕರೆಗೆ ಹೋಗಲೂ ನಾಚುತ್ತಾನೆ. ಹೀಗೆ ಸಂಬಂಧವನ್ನು ಕೂಡಿಸಬೇಕಾದ ಊಟವೇ ಸಂಬಂಧವನ್ನು ಕಡಿಯುತ್ತದೆ. ಕುರಿಯ ಕಾಲಿನ ಊಟಕ್ಕೆ ಕರೆದರೂ ತಾನು ಹೋಗುವೆನೆಂದು ಪ್ರವಾದಿವರ್ಯರು(ಸ) ಹೇಳಿದ್ದರು. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಿವಾಹ ಭೋಜನವನ್ನು ಅತ್ಯಂತ ಕೆಟ್ಟ ಆಹಾರವೆಂದು ಹದೀಸ್ ಕರೆದಿದೆ. ಪಿಂಡಿ ಇದ್ದ ಮನೆಯಲ್ಲಿ ಬೇರೆ ಬಗೆಯೇ ಬೇಕಾಗಿರಲಿಲ್ಲ. ಸುಪ್ರ ಹಾಸಿ ಒಂದೇ ಪಾತ್ರೆಯನ್ನು ನಡುವೆ ಇಟ್ಟರೆ ಮುಗಿಯಿತು. ಅದರ ಜೊತೆ ಇನ್ನೇನೂ ಇಲ್ಲವಲ್ಲ ಎಂದು ಯಾರೂ ಮುಖ ನೋಡುತ್ತಿರಲಿಲ್ಲ.

ಹೆಚ್ಚು ಕಷ್ಟದ ಪ್ರಶ್ನೆ ಇರುವುದು ಕರೆಯದವರ ವಿಷಯದಲ್ಲಿ. ಪ್ರತಿ ಕುಟುಂಬದಲ್ಲೂ ಮಾತು ಬಿಟ್ಟ ಒಬ್ಬರು ಇರುತ್ತಾರೆ. ಜಾಗದ ಗಡಿ, ತೋಟದ ದಾರಿ, ಮದುವೆಯಲ್ಲಿ ಸರಿಯಾಗಿ ಉಪಚರಿಸಲಿಲ್ಲವೆಂಬ ದೂರು, ಇಲ್ಲವೇ ಯಾವಾಗಲೋ ಕೊಟ್ಟು ಹಿಂದಿರುಗದ ಸಾಲ. ಕರಾವಳಿಯ ಒಂದು ಮನೆಯಲ್ಲಿ ಅಣ್ಣ ತಮ್ಮಂದಿರು ಹೀಗೆ ದಾರಿಯ ವಿಷಯಕ್ಕೆ ನಾಲ್ಕು ವರ್ಷ ಮಾತಾಡಿರಲಿಲ್ಲ. ಇಬ್ಬರ ಮನೆಗಳ ನಡುವೆ ಇದ್ದುದು ಒಂದು ಗೋಡೆ, ಒಂದು ಹಲಸಿನ ಮರ. ಅಣ್ಣನ ಜೊತೆಗಿದ್ದ ತಾಯಿ ಪಿಂಡಿ ಮಾಡಿದ ದಿನವೆಲ್ಲ ಮುಚ್ಚಳ ಹಾಕಿದ ಒಂದು ಪಾತ್ರೆಯನ್ನು ಮೊಮ್ಮಗಳ ಕೈಯಲ್ಲಿ ಗೋಡೆಯಾಚೆ ಕಳುಹಿಸುತ್ತಿದ್ದರು. ಏನೂ ಹೇಳಿ ಕಳುಹಿಸುತ್ತಿರಲಿಲ್ಲ. ಮೊದಮೊದಲು ಪಾತ್ರೆ ತೊಳೆದು ಬರಿದಾಗಿ ಬರುತ್ತಿತ್ತು. ನಮ್ಮ ಕಡೆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆ ಇಲ್ಲ, ಅದೇ ಒಂದು ಉತ್ತರ. ತಾಯಿ ಅದನ್ನು ಗಮನಿಸಿದಂತೆಯೇ ತೋರಿಸಿಕೊಳ್ಳಲಿಲ್ಲ. ಎರಡನೆಯ ವರ್ಷ ಪಾತ್ರೆಯಲ್ಲಿ ನಾಲ್ಕು ತೆಂಗಿನಕಾಯಿ ಹೋಳು ಬಂದವು. ಮತ್ತೊಮ್ಮೆ ಹಲಸಿನ ಹಣ್ಣಿನ ತೊಳೆಗಳು. ದಾರಿಯ ವಿವಾದ ಆಮೇಲೂ ಕೆಲವು ಕಾಲ ಉಳಿಯಿತು. ಆದರೆ ಅದರ ಕುರಿತು ಮಾತಾಡಲು ಇಬ್ಬರೂ ಒಂದೇ ಜಗಲಿಯಲ್ಲಿ ಕುಳಿತರು.

ಬಂಧುತ್ವ ಜೋಡಿಸುವವನೆಂದರೆ ಉಪಕಾರಕ್ಕೆ ಪ್ರತ್ಯುಪಕಾರ ಮಾಡುವವನಲ್ಲ, ಕಡಿದುಹೋದ ಸಂಬಂಧವನ್ನು ಕೂಡಿಸುವವನು ಎಂದು ಪ್ರವಾದಿವರ್ಯರು(ಸ) ಕಲಿಸಿರುವುದು ಬುಖಾರಿಯಲ್ಲಿದೆ. ಅವರು ಕರೆದರೆ ನಾವೂ ಕರೆಯುತ್ತೇವೆ ಎಂಬುದು ವ್ಯಾಪಾರ. ಬರಿದಾಗಿ ಬಂದ ಪಾತ್ರೆಯನ್ನು ಮತ್ತೆ ತುಂಬಿಸುವುದು ಹದೀಸ್ ಹೇಳುವ ಜೋಡಣೆ. ಸಹೋದರನೊಂದಿಗೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವುದು ಧರ್ಮಸಮ್ಮತವಲ್ಲ, ರಕ್ತಸಂಬಂಧವನ್ನು ಕಡಿಯುವವನಿಗೆ ಸ್ವರ್ಗ ಪ್ರವೇಶವಿಲ್ಲ ಎಂಬ ಎಚ್ಚರಿಕೆಗಳು ನಮಗೆ ಗೊತ್ತು. ಗೊತ್ತಿದ್ದೂ ಮೊದಲ ಹೆಜ್ಜೆ ಯಾರಿಡಬೇಕೆಂಬಲ್ಲಿ ನಿಂತುಬಿಡುತ್ತೇವೆ. ನಾಲಿಗೆಗೆ ಕಷ್ಟವಾದ ಮೊದಲ ಹೆಜ್ಜೆಯನ್ನು ಒಂದು ಪಾತ್ರೆ ಇಡಬಲ್ಲುದು. ಅದಕ್ಕೆ ಕ್ಷಮಾಪಣೆಯ ಭಾಷಣ ಬೇಡ.

ಆದರೆ ಪಾತ್ರೆಯಿಂದ ಎಲ್ಲವೂ ಆಗುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ತಂದೆ ತೀರಿಕೊಂಡ ಬಳಿಕ ಆಸ್ತಿಯೆಲ್ಲ ಗಂಡುಮಕ್ಕಳ ಹೆಸರಿಗಾಗಿ, ತಂಗಿಗೆ ಈದ್‌ಗೊಂದು ಸೀರೆ, ಬಂದಾಗ ಒಂದು ಹೊತ್ತು ಪಿಂಡಿ. 'ಅವಳಿಗೆ ಏನು ಕಡಿಮೆ ಮಾಡಿದ್ದೇವೆ, ಬಂದಾಗಲೆಲ್ಲ ಚೆನ್ನಾಗಿ ನೋಡಿಕೊಳ್ಳುವುದಿಲ್ಲವೇ?' ಎಂದು ಕೇಳುವ ಅಣ್ಣಂದಿರಿದ್ದಾರೆ. ಕಡಿಮೆ ಮಾಡಿದ್ದೇನೆಂದು 'ಅನ್ನಿಸಾ' ಅಧ್ಯಾಯದ 7ನೆಯ ಸೂಕ್ತವನ್ನು ತೆರೆದರೆ ತಿಳಿಯುತ್ತದೆ. ತಂದೆ ತಾಯಿ ಮತ್ತು ಆಪ್ತ ಬಂಧುಗಳು ಬಿಟ್ಟುಹೋದುದರಲ್ಲಿ ಪುರುಷರಿಗಿರುವಂತೆ ಸ್ತ್ರೀಯರಿಗೂ ಪಾಲಿದೆ, ಸೊತ್ತು ಸ್ವಲ್ಪವಿರಲಿ ಹೆಚ್ಚಿರಲಿ ಅದು ನಿಶ್ಚಿತವಾದ ಪಾಲು. ಅದರ ಮುಂದಿನ ಸೂಕ್ತ ಇನ್ನೂ ಒಂದು ಹೆಜ್ಜೆ ಹೋಗಿ, ಪಾಲು ಮಾಡುವಾಗ ವಾರೀಸುದಾರರಲ್ಲದ ಬಂಧುಗಳು, ಅನಾಥರು, ಬಡವರು ಬಂದರೆ ಅವರಿಗೂ ಏನಾದರೂ ಕೊಡಬೇಕು, ಒಳ್ಳೆಯ ಮಾತಾಡಬೇಕು ಎನ್ನುತ್ತದೆ. ಹಕ್ಕಿಲ್ಲದವರಿಗೂ ಕೊಡಿರೆಂದ ಗ್ರಂಥವನ್ನು ಮನೆಯಲ್ಲಿಟ್ಟುಕೊಂಡು ಹಕ್ಕಿದ್ದವಳ ಪಾಲನ್ನು ನುಂಗಿದರೆ, ಅವಳ ತಟ್ಟೆಗೆ ಎಷ್ಟು ಪಿಂಡಿ ಬಡಿಸಿದರೂ ಅದು ಅವಳದೇ ದುಡ್ಡಿನ ಊಟ. ಎಷ್ಟೋ ಹೆಣ್ಣುಮಕ್ಕಳು ತವರಿನ ಬಾಗಿಲು ಮುಚ್ಚಿಹೋದೀತೆಂಬ ಹೆದರಿಕೆಯಿಂದ ಕೇಳುವುದಿಲ್ಲ. ಹೆದರಿಕೆಯ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳಬಾರದು. ಪಾಲನ್ನು ಅವಳ ಕೈಗೆ ಕೊಟ್ಟ ಮೇಲೂ ಅವಳು ಬರಲಿ, ಕುಳಿತು ಉಣ್ಣಲಿ. ಆಗ ಆ ಊಟದ ರುಚಿಯೇ ಬೇರೆ.

ಅಡುಗೆಮನೆಯ ಒಳಗಿನ ನ್ಯಾಯದ ಬಗ್ಗೆಯೂ ಎರಡು ಮಾತು. ಉಂಡೆ ಕಟ್ಟಲು ಆರು ಜನ, ಆದರೆ ಒಲೆಯ ಮುಂದೆ ನಿಲ್ಲುವವಳು ಹೆಚ್ಚಾಗಿ ಒಬ್ಬಳೇ, ಅದೂ ಕಿರಿಯ ಸೊಸೆ. ಗಂಡಸರ ಸುಪ್ರ, ಮಕ್ಕಳ ಸುಪ್ರ, ಅತಿಥಿ ಹೆಂಗಸರ ಸುಪ್ರ ಎದ್ದ ಬಳಿಕ ಪಾತ್ರೆಯ ತಳದಲ್ಲಿ ಅವಳಿಗೆ ಉಳಿಯುವುದು ಸಾರೂ ಅಲ್ಲದ ಮಾಂಸವೂ ಅಲ್ಲದ ಒಂದಿಷ್ಟು ಹಿಟ್ಟು. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ, ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಆಯಿಶಾ(ರ) ಉತ್ತರಿಸಿದ್ದರು. ಅಡುಗೆ ಮಾಡಿ ತಂದ ಸೇವಕನನ್ನು ಜೊತೆಗೆ ಕುಳ್ಳಿರಿಸಬೇಕು, ಇಲ್ಲವಾದರೆ ಒಂದೆರಡು ತುತ್ತನ್ನಾದರೂ ಅವನಿಗೆ ಕೊಡಬೇಕು, ಅದರ ಬಿಸಿಯನ್ನು ಸಹಿಸಿದವನು ಅವನಲ್ಲವೇ ಎಂಬರ್ಥದ ಹದೀಸ್ ಕೂಡಾ ಇದೆ. ಸೇವಕನ ಬಗ್ಗೆಯೇ ಹೀಗಿರುವಾಗ ಸೊಸೆಯ ಬಗ್ಗೆ ಬೇರೆ ಹೇಳಬೇಕೆ? ಗಂಡಸರು ತಟ್ಟೆಯ ಸುತ್ತ ಕುಳಿತು ಐವತ್ತು ಉಂಡೆ ಮಾಡಿದರೆ ಯಾರ ಗೌರವಕ್ಕೂ ಕುಂದಿಲ್ಲ. ಉಪ್ಪು ಹೆಚ್ಚಾಯಿತು, ಕಳೆದ ಸಲದಂತಾಗಲಿಲ್ಲ ಎಂಬ ಮಾತನ್ನಾದರೂ ನಿಲ್ಲಿಸಬಹುದು. ಪ್ರವಾದಿ(ಸ) ಎಂದೂ ಆಹಾರವನ್ನು ದೂಷಿಸಿದವರಲ್ಲ. ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು.

ಪೇಟೆಯಲ್ಲಿ ಈಗ ಪಿಂಡಿಯನ್ನೂ ಮಾಡಿಕೊಡುವವರಿದ್ದಾರೆ, ಫೋನ್ ಮಾಡಿದರೆ ಮನೆಗೆ ತಲುಪುತ್ತದೆ. ಅದು ತಪ್ಪಲ್ಲ. ಹಲವು ಹೆಣ್ಣುಮಕ್ಕಳ ಜೀವನೋಪಾಯವೂ ಹೌದು. ದುಡಿಯುವ ಸೊಸೆಗೆ ಬಿಡುವಿಲ್ಲದಿದ್ದರೆ ತರಿಸಿಕೊಳ್ಳಲಿ. ಆದರೆ ವರ್ಷಕ್ಕೆ ಒಂದೆರಡು ಬಾರಿಯಾದರೂ ಹಿಟ್ಟಿನ ತಟ್ಟೆಯ ಸುತ್ತ ಕುಳಿತುಕೊಳ್ಳುವುದನ್ನು ಬಿಡಬಾರದು. ತರಿಸಿದ ಪಿಂಡಿಯಿಂದ ಹೊಟ್ಟೆ ತುಂಬುತ್ತದೆ, ಚಿಕ್ಕಮ್ಮನ ಮಂಡಿನೋವಿನ ಸುದ್ದಿ ಸಿಗುವುದಿಲ್ಲ. ಅಜ್ಜಿಯಂದಿರ ಅಳತೆ ಯಾವ ಪುಸ್ತಕದಲ್ಲೂ ಇಲ್ಲ, ಅದು ಅವರ ಅಂಗೈಯಲ್ಲಿದೆ. ನೋಡುತ್ತಾ ಕಲಿಯದಿದ್ದರೆ ಅವರ ಜೊತೆಗೇ ಹೋಗಿಬಿಡುತ್ತದೆ. ಹುಡುಗಿಯರು ಮಾತ್ರವಲ್ಲ, ಹುಡುಗರೂ ಕಲಿಯಲಿ. ದೂರದ ಊರಿನಲ್ಲಿ ಕೋಣೆ ಮಾಡಿಕೊಂಡಿರುವ ಹುಡುಗನಿಗೆ ಉಪಯೋಗಕ್ಕೆ ಬರುತ್ತದೆ.

ಕೊನೆಯಲ್ಲಿ ಒಂದು ಸಣ್ಣ ವಿಷಯ. ಸೂಕ್ತದ ಆರಂಭದಲ್ಲಿ ಕುರುಡರು, ಕುಂಟರು, ರೋಗಿಗಳು ಇದ್ದಾರೆಂದು ಹೇಳಿದೆವಲ್ಲ. ಹಾಸಿಗೆ ಹಿಡಿದ ಹಿರಿಯರ ಊಟವನ್ನು ಬೇಗ ಕೊಟ್ಟು ಮುಗಿಸಿ, ಆಮೇಲೆ ಬಂಧುಗಳ ಸುಪ್ರ ಹಾಸುವ ಪದ್ಧತಿ ಹಲವು ಮನೆಗಳಲ್ಲಿದೆ. ಸಾಧ್ಯವಿದ್ದರೆ ಅವರನ್ನು ಎತ್ತಿ ತಂದು ನಡುವೆ ಕುಳ್ಳಿರಿಸಬೇಕು. ಅದಾಗದಿದ್ದರೆ ಸುಪ್ರವನ್ನೇ ಅವರ ಮಂಚದ ಬಳಿ ಹಾಸಬೇಕು. ಪಿಂಡಿ ಮೆತ್ತಗಿರುತ್ತದೆ, ಹಲ್ಲಿಲ್ಲದವರೂ ಉಣ್ಣಬಹುದು. ಖಾರ ಹಾಕುವ ಮೊದಲು ಅವರಿಗೆಂದು ಸ್ವಲ್ಪ ಸಾರನ್ನು ಬೇರೆ ತೆಗೆದಿಡಿ, ಅದರಲ್ಲಿ ಹತ್ತು ಉಂಡೆ ಹಾಕಿ ಚೆನ್ನಾಗಿ ನೆನೆಯಲು ಬಿಡಿ. ರಾತ್ರಿ ಉಳಿದದ್ದು ಬೆಳಗಾಗುವಾಗ ಸಾರನ್ನೆಲ್ಲ ಕುಡಿದು ಇನ್ನೂ ರುಚಿಯಾಗಿರುತ್ತದೆ. ಹಿಂದಿನ ದಿನ ಬರಲಾಗದ ಬಂಧುವಿನ ಮನೆಗೆ ಅದನ್ನು ಬಿಸಿ ಮಾಡಿ ಬೆಳಗಿನ ಉಪಾಹಾರಕ್ಕೆ ಮೊದಲು ತಲುಪಿಸಬಹುದು.